ಕಲಾವಿದ ಕೆ. ವೆಂಕಟಪ್ಪ (1886–1965)

ಕರ್ನಾಟಕದ ಆಧುನಿಕ ಚಿತ್ರಕಲೆಯ ಇತಿಹಾಸದಲ್ಲಿ ಅಗ್ರಪಂಕ್ತಿಯಲ್ಲಿ ನಿಲ್ಲುವ ಕೆ. ವೆಂಕಟಪ್ಪನವರು ಚಿತ್ರಕಾರರೂ ಉಬ್ಬುಶಿಲ್ಪಿಗಳೂ ವೈಣಿಕರೂ ಆಗಿದ್ದರು. ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಜನಿಸಿದರು.

ವಿದ್ಯಾಭ್ಯಾಸ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದ ವೆಂಕಟಪ್ಪನವರು, ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿಗಳಲ್ಲೊಬ್ಬರು. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿ ಅವರು ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಕುರಿತು ರಚಿಸಿದ ಗ್ರಂಥದಲ್ಲಿ ವೆಂಕಟಪ್ಪನವರ ಚಿತ್ರಗಳೂ ಸೇರಿವೆ.

ಕಲಾಸಾಧನೆ

ಸ್ವದೇಶಕ್ಕೆ ಮರಳಿದ ಬಳಿಕ ವೀಣೆ ಶೇಷಣ್ಣನವರಲ್ಲಿ ವೀಣಾವಾದನವನ್ನು ಅಭ್ಯಸಿಸಿದರು. ಚಿತ್ರಕಲೆಯನ್ನೂ ಮರೆಸಿದ ಈ ವೀಣೆಯ ಮೋಹವನ್ನು 1926ರಲ್ಲಿ ತಾವೇ ಒಂದು ಚಿತ್ರದ ವಸ್ತುವಾಗಿಸಿಕೊಂಡರು. ಉದಕಮಂಡಲ ಮತ್ತು ಕೊಡೈಕೆನಾಲ್‌ಗಳ ಮಂಜು, ಕೆರೆ, ಬೆಳುದಿಂಗಳನ್ನು ಜಲವರ್ಣದಲ್ಲಿ ಅತಿ ಸೂಕ್ಷ್ಮವಾಗಿ ಚಿತ್ರಿಸಿದರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಪೌರಾಣಿಕ ಪ್ರಸಂಗಗಳ ಉಬ್ಬುಶಿಲ್ಪಗಳನ್ನು ರೂಪಿಸಿದರು. ಮೈಸೂರು ಅರಮನೆಗಾಗಿಯೂ ಅವರು ಇಂತಹ ಶಿಲ್ಪಗಳನ್ನು ರಚಿಸಿದರು.

1940ರಲ್ಲಿ ನಾಲ್ವಡಿಯವರು ನಿಧನರಾದ ತರುವಾಯ ಅರಮನೆಯ ಕಾರ್ಯವು ನಿಂತುಹೋಯಿತು. ವೆಂಕಟಪ್ಪನವರು ನ್ಯಾಯಾಲಯದ ಮೊರೆಹೊಕ್ಕರು. ರಾಜಾಶ್ರಯವನ್ನೇ ನಂಬಿದ್ದ ಕಲಾವಿದನು ತನ್ನ ಶ್ರಮದ ಹಕ್ಕಿಗಾಗಿ ಅರಮನೆಯ ವಿರುದ್ಧ ನಿಂತದ್ದು ಅಂದಿನ ಕಾಲಕ್ಕೆ ಅಪರೂಪದ ಸಂಗತಿ. ಆಜನ್ಮ ಬ್ರಹ್ಮಚಾರಿಯಾಗಿ, ದಿನಚರಿಯನ್ನು ತಪ್ಪದೆ ಬರೆದಿಡುತ್ತ, ಬೆಂಗಳೂರಿನಲ್ಲಿ ಕಟ್ಟುನಿಟ್ಟಾದ ಏಕಾಂತ ಜೀವನವನ್ನು ನಡೆಸಿದ ಅವರು ತಮ್ಮ ಕೃತಿಗಳನ್ನು ಮಾರಾಟದ ಸರಕೆಂದು ಎಣಿಸಲಿಲ್ಲ. 1965ರಲ್ಲಿ ನಿಧನರಾದರು.

ವೆಂಕಟಪ್ಪ ಕಲಾಶಾಲೆ

ಕಲಾವಿದರ ಬಳಿಯೇ ಉಳಿದಿದ್ದ ಕೃತಿಗಳು ಚದುರಿಹೋಗದೆ ಒಂದೆಡೆ ಸೇರಲು ಈ ನಿಷ್ಠೆಯೇ ಕಾರಣವಾಯಿತು. ಅವುಗಳ ಸಂರಕ್ಷಣೆಗಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1970ರ ದಶಕದಲ್ಲಿ ವೆಂಕಟಪ್ಪ ಕಲಾಶಾಲೆ ಆರಂಭವಾಯಿತು. ಅವರ ಜಲವರ್ಣ ಚಿತ್ರಗಳು ಹಾಗೂ ಉಬ್ಬುಶಿಲ್ಪಗಳು ಇಲ್ಲಿನ ಸಂಗ್ರಹದಲ್ಲಿವೆ. ಕೆ.ಕೆ. ಹೆಬ್ಬಾರ್ ಅವರ ಚಿತ್ರಗಳೂ ಈ ಸಂಗ್ರಹಕ್ಕೆ ಸೇರಿವೆ.

ಪ್ರವಾಸಿಗರ ಗಮನಕ್ಕೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಶಾಲೆಗಳು ಬೆಂಗಳೂರಿನ ಶೈಕ್ಷಣಿಕ ಪ್ರವಾಸದಲ್ಲಿ ಈ ಕಲಾಶಾಲೆಯನ್ನು ಸೇರಿಸಿಕೊಳ್ಳಬಹುದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಲ್ಲೇಶ್ವರ ದೇವಾಲಯದ ಕಲ್ಲಿನ ಕೆತ್ತನೆಯನ್ನು ಬಲ್ಲ ವಿದ್ಯಾರ್ಥಿಗಳು, ಅದೇ ಪುರಾಣಲೋಕವು ಇಪ್ಪತ್ತನೆಯ ಶತಮಾನದಲ್ಲಿ ಗಾರೆಯ ಹಲಗೆಯ ಮೇಲೆ ಹೇಗೆ ಮರುಹುಟ್ಟು ಪಡೆಯಿತು ಎಂಬುದನ್ನು ಇಲ್ಲಿ ಹೋಲಿಸಿ ನೋಡಬಹುದಾಗಿದೆ. ಪ್ರವಾಸ ಕೈಗೊಳ್ಳುವ ಮುನ್ನ ಭೇಟಿಯ ವೇಳೆ ಹಾಗೂ ಪ್ರವೇಶದ ನಿಯಮಗಳನ್ನು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು.