ಬಿದ್ದು ಎದ್ದು ಹಾರಿದ ಬ್ಲೇರಿಯೊ

ಮಕ್ಕಳೇ, ನಮ್ಮ ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನಗಳು ಇಳಿಯುತ್ತಿವೆ. ಈಗ ವಿಮಾನ ನೋಡುವುದು ಅಪರೂಪವೇನಲ್ಲ. ನೂರು ವರ್ಷಗಳಿಗೂ ಹಿಂದೆ ಹಾಗಿರಲಿಲ್ಲ. ಜಾತ್ರೆಯ ನಾಟಕಕ್ಕೆ ಅಂಟಿಸುವಂತೆ, ಯುರೋಪಿನ ಊರುಗಳಲ್ಲಿ ವಿಮಾನ ಪ್ರದರ್ಶನಕ್ಕೂ ಬಣ್ಣದ ಭಿತ್ತಿಪತ್ರಗಳನ್ನು ಅಂಟಿಸುತ್ತಿದ್ದರು. ಅಳಿದುಳಿದ ಆ ಹಾಳೆಗಳನ್ನು ಸಂಗ್ರಹಕಾರರು ಇಂದು ಜೋಪಾನವಾಗಿ ಕಾಪಾಡುತ್ತಾರೆ. ಆ ಪ್ರದರ್ಶನಗಳಲ್ಲಿ ಮೆರೆದ ಒಬ್ಬರ ಕಥೆ ಕೇಳಿ.

ಲೂಯಿ ಬ್ಲೇರಿಯೊ ಅವರು 1872ರ ಜುಲೈ 1ರಂದು ಫ್ರಾನ್ಸಿನ ಕಾಂಬ್ರೆಯಲ್ಲಿ ಜನಿಸಿದರು. ಎಂಜಿನಿಯರಿಂಗ್ ಓದಿ, ಮೋಟಾರು ಕಾರಿನ ದೀಪಗಳನ್ನು ತಯಾರಿಸಿ ಹಣ ಗಳಿಸಿದರು. ಆ ಹಣವನ್ನು ವಿಮಾನ ಕಟ್ಟಲು ಸುರಿದರು. ಮೊದಮೊದಲ ವಿಮಾನಗಳು ಸರಿಯಾಗಿ ಹಾರಲಿಲ್ಲ. ಹಲವು ಬಿದ್ದು ಮುರಿದವು. ಅವರು ಮಾತ್ರ ಬಿಡದೆ, ಮತ್ತೆ ಮತ್ತೆ ಹೊಸದನ್ನು ಕಟ್ಟಿದರು.

ಕೊನೆಗೆ ಹನ್ನೊಂದನೆಯ ಮಾದರಿ ಅವರ ಕೈಹಿಡಿಯಿತು. 1909ರ ಜುಲೈ 25ರ ಬೆಳಗಿನ ಜಾವ, ಸುಟ್ಟ ಗಾಯದ ಕಾಲಿನಲ್ಲೇ ಕುಂಟುತ್ತಾ ಬಂದು ವಿಮಾನವೇರಿದರು. ಎಂಜಿನ್‌ನ ಸಾಮರ್ಥ್ಯ ಕೇವಲ 25 ಅಶ್ವಶಕ್ತಿ. ದಿಕ್ಸೂಚಿಯೂ ಇರಲಿಲ್ಲ. ನಡುವೆ ಮಂಜು ಕವಿದು ಸ್ವಲ್ಪ ಹೊತ್ತು ದಡವೇ ಕಾಣಲಿಲ್ಲ. ಆದರೂ ಸುಮಾರು 37 ನಿಮಿಷಗಳಲ್ಲಿ ಸಮುದ್ರ ದಾಟಿ ಇಂಗ್ಲೆಂಡಿನ ಡೋವರ್‌ನಲ್ಲಿ ಇಳಿದರು. ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಮೊದಲಿಗರು ಅವರೇ.

ಮರುತಿಂಗಳು ಫ್ರಾನ್ಸಿನ ರೀಮ್ಸ್‌ನಲ್ಲಿ ದೊಡ್ಡ ವಿಮಾನ ಪ್ರದರ್ಶನ ನಡೆಯಿತು. ಅದರ ಭಿತ್ತಿಪತ್ರದಲ್ಲಿ ವಿಮಾನಗಳತ್ತ ಕೈ ಬೀಸುವ ಮಹಿಳೆಯ ಚಿತ್ರವಿದೆ. ಆದರೆ ಅದೇ ಪ್ರದರ್ಶನದಲ್ಲಿ ಬ್ಲೇರಿಯೊ ಅವರ ವಿಮಾನ ಬಿದ್ದು ಸುಟ್ಟುಹೋಯಿತು! ಭಿತ್ತಿಪತ್ರ ಸಂಭ್ರಮವನ್ನು ಮಾತ್ರ ತೋರಿಸುತ್ತದೆ, ಗಾಯವನ್ನಲ್ಲ. ಡಿಸೆಂಬರ್‌ನಲ್ಲಿ ಇಂದಿನ ಇಸ್ತಾಂಬುಲ್‌ನಲ್ಲಿ ಮನೆಯೊಂದರ ಮೇಲೆ ಬಿದ್ದು ಆಸ್ಪತ್ರೆ ಸೇರಿದರು. ಅನಂತರ ಸ್ಪರ್ಧೆಗಳನ್ನು ಬಿಟ್ಟು ವಿಮಾನ ತಯಾರಿಕೆಗೆ ಮನಸ್ಸು ಕೊಟ್ಟರು.

ಅವರು 1936ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಅದೇ ವರ್ಷ ನಮ್ಮ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು.

ಹಳೆಯ ಭಿತ್ತಿಪತ್ರಗಳು ಏಕೆ ಅಪರೂಪ? ಗೋಡೆಗೆ ಅಂಟಿಸಿದ್ದು ಮಳೆಗೆ ನೆಂದು ಹರಿದುಹೋಗುತ್ತಿತ್ತು. ಜೊತೆಗೆ, ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಇರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಬದಲಾಗಿ ಕಾಗದ ಹಳದಿಯಾಗುತ್ತದೆ.

ಮಾಡಿ ನೋಡಿ: ದಿನಪತ್ರಿಕೆಯ ಹೊಸ ಹಾಳೆಯೊಂದರ ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಒಂದು ವಾರ ಬಿಸಿಲಿನಲ್ಲಿಡಿ. ಬಳಿಕ ರಟ್ಟು ತೆಗೆದು ಎರಡೂ ಭಾಗಗಳನ್ನು ಹೋಲಿಸಿ. ಸಂಗ್ರಹಕಾರರು ಭಿತ್ತಿಪತ್ರಗಳನ್ನು ಬಿಸಿಲಿನಿಂದ ದೂರವಿಡುವುದೇಕೆಂದು ನಿಮಗೇ ತಿಳಿಯುತ್ತದೆ.