ಪಾಶ್ಚರನ ಎಡಗೈ

ಲೂಯಿ ಪಾಶ್ಚರನ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಹುಚ್ಚುನಾಯಿಯ ಕಡಿತಕ್ಕೆ ಲಸಿಕೆಯನ್ನು ಕಂಡುಹಿಡಿದವನೆಂದು ಅವನು ಪಠ್ಯಪುಸ್ತಕಗಳಲ್ಲಿ ಚಿರಪರಿಚಿತನಾಗಿದ್ದಾನೆ. ಆದರೆ ಆ ಲಸಿಕೆಯೂ ಅದಕ್ಕೆ ಮುಂಚಿನ ಅವನ ಬೇರೆ ಲಸಿಕೆಗಳೂ ಎಡಗೈ ಸೆಟೆದು, ಎಡಗಾಲನ್ನು ಎಳೆಯುತ್ತ ನಡೆಯುತ್ತಿದ್ದ ಮನುಷ್ಯನ ಸಾಧನೆಗಳೆಂಬುದನ್ನು ನೆನೆಯುವವರು ವಿರಳ.

ಪಾಶ್ಚರನು 1822ರ ಡಿಸೆಂಬರ್ 27ರಂದು ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ ಚರ್ಮ ಹದಮಾಡುವವನೊಬ್ಬನ ಮಗನಾಗಿ ಹುಟ್ಟಿದನು. 1865ರಲ್ಲಿ, ರೇಷ್ಮೆಹುಳುಗಳಿಗೆ ಬಂದ ಪೆಬ್ರಿನ್ ಎಂಬ ಗಂಟುರೋಗದ ಮೂಲವನ್ನು ಶೋಧಿಸುವುದಕ್ಕಾಗಿ ದಕ್ಷಿಣ ಫ್ರಾನ್ಸಿನ ಅಲೆಸ್ ಪ್ರಾಂತಕ್ಕೆ ಹೋದನು. ಅದೇ ವರ್ಷ ಅವನ ತಂದೆಯೂ ಕಿರಿಯ ಮಗಳೂ ತೀರಿಕೊಂಡರು. ಮರುವರ್ಷ ಇನ್ನೊಬ್ಬ ಮಗಳು ಹೋದಳು. ದುಃಖವನ್ನು ನುಂಗಿಕೊಂಡು ಅವನು ಹಗಲಿರುಳು ದುಡಿದನು.

1868ರ ಅಕ್ಟೋಬರ್ 19ರ ಬೆಳಿಗ್ಗೆ ಅವನ ಎಡಮೈಯಲ್ಲಿ ಏನೋ ಜುಮ್ಮೆನಿಸಿತು. ಆದರೂ ಮಧ್ಯಾಹ್ನ ವಿಜ್ಞಾನ ಅಕಾಡೆಮಿಗೆ ಹೋಗಿ ಪ್ರಬಂಧವೊಂದನ್ನು ಓದಿ ಬಂದನು. ಆ ರಾತ್ರಿ ಪಾರ್ಶ್ವವಾಯು ಬಡಿಯಿತು; ಎಡಭಾಗವೆಲ್ಲ ಸ್ವಾಧೀನ ತಪ್ಪಿತು. ಆಗ ಅವನಿಗೆ ನಲವತ್ತೈದು ವರ್ಷ. ಜಿಗಣೆ ಹಚ್ಚಿ ರಕ್ತ ತೆಗೆಯುವುದು, ಅಲುಗದೆ ಮಲಗಿಸುವುದು, ಅಂದಿನ ವೈದ್ಯರಿಗೆ ತಿಳಿದಿದ್ದುದು ಹೆಚ್ಚುಕಡಿಮೆ ಇಷ್ಟೇ.

ಎಡಮೈ ಮೆದುಳಿನ ಬಲಭಾಗದ ಆಳ್ವಿಕೆಗೆ ಸೇರಿದುದು. ಮಾತಿನ ನೆಲೆಯಾದರೋ ಬಹುಮಂದಿಯಲ್ಲಿ ಎಡಭಾಗದಲ್ಲಿದೆ. ಪಾಶ್ಚರನಿಗೆ ಬುದ್ಧಿಯೂ ಮಾತೂ ಉಳಿದುವು. ಒಂದು ವಾರದೊಳಗೆ, ಹಾಸಿಗೆಯ ಬಳಿ ಕಾವಲಿದ್ದ ಶಿಷ್ಯ ಗೆರ್ನೆಗೆ ರೇಷ್ಮೆಹುಳುವಿನ ರೋಗವನ್ನು ಕುರಿತ ಟಿಪ್ಪಣಿಯೊಂದನ್ನು ಹೇಳಿ ಬರೆಯಿಸಿದನು. ಅಕ್ಟೋಬರ್ 26ರಂದು ಅದು ಅಕಾಡೆಮಿಯ ಮುಂದೆ ಬಂದಿತು.

ಅದೇ ವೇಳೆಯಲ್ಲಿ ಅವನಿಗಾಗಿ ಪ್ಯಾರಿಸಿನಲ್ಲಿ ಕಟ್ಟುತ್ತಿದ್ದ ಪ್ರಯೋಗಾಲಯದ ಕೆಲಸ ನಿಂತುಹೋಯಿತು. ರೋಗಿ ಬದುಕುವ ಭರವಸೆಯಿಲ್ಲ, ಕಟ್ಟಡಕ್ಕೆ ಹಣವೇಕೆ ಎಂಬುದು ಅಧಿಕಾರಿಗಳ ಲೆಕ್ಕ. ಇದನ್ನರಿತ ಪಾಶ್ಚರನು ಬಹಳ ನೊಂದನು. ಸಂಗತಿ ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕಿವಿಗೆ ಬಿದ್ದು, ಅವನ ಆಜ್ಞೆಯಿಂದ ಕೆಲಸ ಮತ್ತೆ ಆರಂಭವಾಯಿತು. ಕಟ್ಟಡದ ಗೋಡೆ ಮೇಲೇಳುವ ಸುದ್ದಿಗಿಂತ ಹಿರಿದಾದ ಔಷಧ ಆ ರೋಗಿಗೆ ಮತ್ತಾವುದಿದ್ದೀತು!

ಮೂರು ತಿಂಗಳು ತುಂಬುವಷ್ಟರಲ್ಲಿ, 1869ರ ಜನವರಿಯಲ್ಲಿ, ಅವನು ಮತ್ತೆ ದಕ್ಷಿಣಕ್ಕೆ ಹೊರಟನು. ಅಲ್ಲಿ ಒಮ್ಮೆ ಬಿದ್ದು ಪೆಟ್ಟು ಮಾಡಿಕೊಂಡನು, ಆದರೂ ಹಿಂದಿರುಗಲಿಲ್ಲ. ಕುರ್ಚಿಯಲ್ಲಿ ಕುಳಿತೇ ಪ್ರಯೋಗಗಳನ್ನು ನಡೆಸಿದನು. ಕೈಗಳು ಶಿಷ್ಯರವು, ಕಣ್ಣು ಮತ್ತು ತೀರ್ಮಾನ ಅವನವು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಮೊಟ್ಟೆಗಳನ್ನು ನಾಶಮಾಡುವ ಅವನ ವಿಧಾನ ಗೆದ್ದಿತು. ನಮ್ಮ ನಾಡಿನ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವ ತಾಯಿಚಿಟ್ಟೆಯ ಪರೀಕ್ಷೆ ಆ ಮೂಲದಿಂದ ಬಂದುದೇ.

ಎಡಗೈ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಸೂಕ್ಷ್ಮವಾದ ಕೈಕೆಲಸವನ್ನು ರೂ, ಶಾಂಬರ್ಲಾನ್ ಮೊದಲಾದ ಸಹಾಯಕರು ವಹಿಸಿಕೊಂಡರು. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆಯನ್ನು ಚುಚ್ಚಿದವನು ವೈದ್ಯ ಗ್ರಾಂಶೆ. ಪಾಶ್ಚರನು ವೈದ್ಯಪದವೀಧರನಲ್ಲದ ಕಾರಣ ಪಕ್ಕದಲ್ಲಿ ನಿಂತು ನೋಡುತ್ತಿದ್ದನು. ಬಾಲಕ ಬದುಕಿದನು.

ಪಾರ್ಶ್ವವಾಯುವಿನ ಶುಶ್ರೂಷೆಯನ್ನು ಕುರಿತು ಇಂದು ನಾವು ಹೆಚ್ಚು ಬಲ್ಲೆವು. ಅಪಾಯ ಕಳೆದೊಡನೆಯೇ, ಮೊದಲ ಕೆಲವು ದಿನಗಳಲ್ಲಿಯೇ ವ್ಯಾಯಾಮ ಆರಂಭವಾಗಬೇಕು. ಲೋಟ ಹಿಡಿಯುವುದು, ಗುಂಡಿ ಹಾಕುವುದು, ಹೆಜ್ಜೆಯಿಡುವುದು ಮುಂತಾದ ದಿನದಿನದ ಕೆಲಸಗಳನ್ನೇ ಸಾವಿರ ಬಾರಿ ಮಾಡಿಸಿದರೆ, ಮೆದುಳಿನ ಉಳಿದ ಭಾಗಗಳು ನಷ್ಟವಾದುದರ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿತುಕೊಳ್ಳುತ್ತವೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿ ಸಾಗುತ್ತದೆ. ಬಳಿಕ ನಿಧಾನವಾದರೂ ನಿಂತುಬಿಡುವುದಿಲ್ಲ. ಪಾಶ್ಚರನಿಗೆ ಇಂಥ ಚಿಕಿತ್ಸೆಯ ಶಾಸ್ತ್ರ ದೊರೆಯಲಿಲ್ಲ. ದೊರೆತುದು ಮಾಡಬೇಕಾದ ಕೆಲಸ, ಬರೆದುಕೊಳ್ಳುವ ಹೆಂಡತಿ, ನಂಬುವ ಶಿಷ್ಯರು.

1892ರಲ್ಲಿ ಎಪ್ಪತ್ತು ತುಂಬಿದ ದಿನ, ಸಾರ್ಬಾನಿನ ಸಭಾಮಂದಿರಕ್ಕೆ ಅವನು ರಾಷ್ಟ್ರಾಧ್ಯಕ್ಷನ ತೋಳನ್ನು ಆತುಕೊಂಡು ಬಂದನು. ಅವನ ಭಾಷಣವನ್ನು ಮಗ ಓದಿದನು. 1895ರ ಸೆಪ್ಟೆಂಬರ್ 28ರಂದು ತೀರಿಕೊಂಡನು. ಲಕ್ವ ಹೊಡೆದ ಬಳಿಕ ಇಪ್ಪತ್ತಾರು ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದನು.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಲಕ್ವ ಹೊಡೆದಾಗ ಮಂಚವನ್ನು ಮೂಲೆಗೆ ಸರಿಸುತ್ತೇವೆ. ಲೆಕ್ಕಪುಸ್ತಕವನ್ನೂ ಬೀಗದ ಕೈಯನ್ನೂ ಮೆಲ್ಲನೆ ಬೇರೆಯವರ ವಶಕ್ಕೆ ಕೊಡುತ್ತೇವೆ. ಪ್ಯಾರಿಸಿನ ಅಧಿಕಾರಿಗಳು ಮಾಡಿದುದೂ ಇದನ್ನೇ. ರೋಗಿ ಬದುಕಿರುವಾಗ ಅವನ ಕಟ್ಟಡದ ಕೆಲಸವನ್ನು ನಿಲ್ಲಿಸಲು ನಮಗಾವ ಅಧಿಕಾರವೂ ಇಲ್ಲ.