ಲಂಡನ್ನಿನಲ್ಲಿ ಗಾಂಧೀಜಿ ಇಟ್ಟ ಲೆಕ್ಕ

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಜಮಾ-ಖರ್ಚಿನ ಮಾತು ಬಾರದೆ ಇರುತ್ತದೆಯೇ? ಅದಕ್ಕೇ ಗಾಂಧೀಜಿಯವರು ಮಹಾತ್ಮರಾಗುವುದಕ್ಕೆ ಬಹಳ ಹಿಂದಿನ ಕಥೆಯೊಂದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

1888ರ ಸೆಪ್ಟೆಂಬರ್ 4ರಂದು ಬ್ಯಾರಿಸ್ಟರ್ ಓದಲು ಬೊಂಬಾಯಿಯಲ್ಲಿ ಹಡಗು ಹತ್ತಿದಾಗ ಮೋಹನದಾಸರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ತಂದೆ ತೀರಿಹೋಗಿದ್ದರು. ಹೆಂಡತಿ, ಕೈಗೂಸು ಊರಲ್ಲಿ. ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲವೆಂದು ತಾಯಿ ಪುತಲೀಬಾಯಿಯವರಿಗೆ ಮಾತು ಕೊಟ್ಟಿದ್ದರು. ಸಮುದ್ರ ದಾಟುತ್ತಾನೆಂದು ಜಾತಿಯವರು ಬಹಿಷ್ಕಾರ ಹಾಕಿದರು. ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ! ಅಣ್ಣ ಲಕ್ಷ್ಮೀದಾಸರು ಭಾವನ ಬಳಿ ಇಟ್ಟಿದ್ದ ದುಡ್ಡು ಈ ಹೆದರಿಕೆಯಿಂದ ಕೈಗೆ ಬರಲಿಲ್ಲ. ಸ್ನೇಹಿತರೊಬ್ಬರ ಹತ್ತಿರ ಕೈಗಡ ತಂದು, ಅಣ್ಣನಿಂದ ವಸೂಲು ಮಾಡಿಕೊಳ್ಳಿ ಅಂತ ಹೇಳಿ ಹೊರಟರು.

ಲಂಡನ್ನಿಗೆ ಹೋದವರು ಮೊದಲು ಏನು ಮಾಡಿದರು ನೋಡಿ. ಸಾಹೇಬರಂತೆ ಕಾಣಬೇಕೆಂಬ ಹುಚ್ಚು ಹತ್ತಿತು. 19 ಶಿಲಿಂಗಿನ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿನ ಸೂಟು. ಅಣ್ಣನಿಗೆ ಬರೆದು ಗಡಿಯಾರಕ್ಕೆ ಚಿನ್ನದ ಸರಪಳಿ ತರಿಸಿಕೊಂಡರು. ಡ್ಯಾನ್ಸ್ ಕ್ಲಾಸಿಗೆ 3 ಪೌಂಡ್, ಪಿಟೀಲಿಗೆ 3 ಪೌಂಡ್, ಭಾಷಣ ಕಲಿಯಲು ಒಂದು ಗಿನಿ. ಡ್ಯಾನ್ಸಿನ ತಾಳ ಮಾತ್ರ ಕಾಲಿಗೆ ಹತ್ತಲೇ ಇಲ್ಲ. ಮೂರು ತಿಂಗಳಿಗೆ ಹುಚ್ಚು ಬಿಟ್ಟಿತು. ಪಿಟೀಲನ್ನು ಸಿಕ್ಕಿದ ಬೆಲೆಗೆ ಮಾರಿಬಿಡಿ ಅಂತ ಕಲಿಸುವವರಿಗೇ ಹೇಳಿಬಿಟ್ಟರು.

ಆದರೆ ಆ ಹುಚ್ಚಿನ ನಡುವೆಯೂ ಅವರು ಒಂದು ಅಭ್ಯಾಸ ಬಿಟ್ಟಿರಲಿಲ್ಲ. ಬಸ್ಸಿಗೆ ಕೊಟ್ಟದ್ದು, ಅಂಚೆ ಚೀಟಿಗೆ ಕೊಟ್ಟದ್ದು, ಪೇಪರಿಗೆ ಕೊಟ್ಟ ಎರಡು ಕಾಸು, ಎಲ್ಲ ಬರೆದಿಟ್ಟು ರಾತ್ರಿ ಮಲಗುವ ಮುಂಚೆ ಶಿಲ್ಕು ತಾಳೆ ನೋಡುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ ಅನ್ನುವುದನ್ನು ಗಮನಿಸಬೇಕು. ಅಣ್ಣ ಆರು ಸಾವಿರ ಮೈಲಿ ದೂರ, ಕೇಳಿದಾಗಲೆಲ್ಲ ದುಡ್ಡು ಕಳಿಸುವವರು. ಆಡಿಟರ್ ಬರ್ತಾರೆ ಅಂತ ಗೊತ್ತಾದ ಮೇಲೆ ಖಿರ್ದಿ ಬರೆಯಲು ಕೂರುವವರು ಎಲ್ಲ ಊರಲ್ಲೂ ಉಂಟು; ಇವರ ಆಡಿಟರ್ ಇವರೇ.

ದುಡ್ಡು ಎಲ್ಲಿ ಸೋರುತ್ತಿದೆ ಎಂದು ತೋರಿಸಿದ್ದು ಆ ಪುಸ್ತಕವೇ. ಬಸ್ ಚಾರ್ಜು ಬಹಳವಾಗಿತ್ತು. ಇಂಗ್ಲಿಷ್ ಕುಟುಂಬದ ಮನೆಯಲ್ಲಿದ್ದುದರಿಂದ ಆ ಮನೆಯವರನ್ನು ಊಟಕ್ಕೆ ಕರೆದುಕೊಂಡು ಹೋಗುವ ಖರ್ಚು ಬೇರೆ. ಖರ್ಚು ಅರ್ಧಕ್ಕೆ ಇಳಿಸಬೇಕೆಂದು ನಿಶ್ಚಯಿಸಿ ಬೇರೆ ಬಾಡಿಗೆ ಕೋಣೆ ಹಿಡಿದರು. ಕೆಲಸದ ಜಾಗಕ್ಕೆ ನಡೆದೇ ಹೋಗುವಷ್ಟು ಹತ್ತಿರ. ದಿನಕ್ಕೆ ಎಂಟು-ಹತ್ತು ಮೈಲಿ ನಡಿಗೆ. ತಮಗಿಂತ ಬಡತನದಲ್ಲಿ, ವಾರಕ್ಕೆ ಎರಡು ಶಿಲಿಂಗ್ ಬಾಡಿಗೆಯ ಕೋಣೆಯಲ್ಲಿದ್ದು ಓದುವ ಹುಡುಗನನ್ನು ಕಂಡ ಮೇಲೆ ಅದೂ ಹೆಚ್ಚೆನಿಸಿತು. ಕಷ್ಟದಲ್ಲಿದ್ದ ಅಣ್ಣನ ನೆನಪು ಚುಚ್ಚುತ್ತಿತ್ತು. ಒಂದೇ ಕೋಣೆಗೆ ಬಂದರು. ಸ್ಟೌ ಕೊಂಡು ಬೆಳಿಗ್ಗೆ ಓಟ್ಸ್ ಗಂಜಿ ಕಾಯಿಸಿದರು, ರಾತ್ರಿ ಬ್ರೆಡ್ಡು-ಕೋಕೋ. ಊಟದ ಖರ್ಚು ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ನಿಗೆ ಇಳಿಯಿತು.

ಮೆಟ್ರಿಕ್ಯುಲೇಷನ್‌ನಲ್ಲಿ ಲ್ಯಾಟಿನ್ ಒಮ್ಮೆ ಕೈಕೊಟ್ಟರೂ ಮತ್ತೆ ಕೂತು ಪಾಸು ಮಾಡಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆಗಿ, 12ರಂದು ಊರಿಗೆ ಹೊರಟರು. ಬೊಂಬಾಯಿಗೆ ಬಂದಿಳಿದ ಮೇಲೇ ತಾಯಿ ತೀರಿಹೋಗಿದ್ದ ಸುದ್ದಿ ತಿಳಿದದ್ದು. ತಮ್ಮ ಪರದೇಶದಲ್ಲಿ ಒಬ್ಬನೇ ಇದ್ದಾನೆಂದು ಅಣ್ಣ ಅದನ್ನು ಮುಚ್ಚಿಟ್ಟಿದ್ದರು. ತಾಯಿಗೆ ಕೊಟ್ಟ ಮಾತು ಉಳಿದಿತ್ತು, ಹೇಳಿಕೊಳ್ಳಲು ಅವರಿರಲಿಲ್ಲ.

1894ರಲ್ಲಿ ದಕ್ಷಿಣ ಆಫ್ರಿಕದ ನೆಟಾಲಿನಲ್ಲಿ ಭಾರತೀಯರ ಕಾಂಗ್ರೆಸ್ ಕಟ್ಟಿ ಕಾರ್ಯದರ್ಶಿಯಾದಾಗ ಈ ಅಭ್ಯಾಸ ಊರವರ ದುಡ್ಡಿಗೂ ಬಂತು. ತಿಂಗಳ ವಂತಿಗೆ ಕಡಿಮೆಯೆಂದರೆ ಐದು ಶಿಲಿಂಗ್. ಯಾರು ಎಷ್ಟೇ ಕೊಡಲಿ, ರಸೀದಿ ಹರಿದು ಕೊಡದೆ ಇರುತ್ತಿರಲಿಲ್ಲ.